ಸಣ್ಣ ಜೀವಿಗಳ ದೊಡ್ಡ ಚಿತ್ರ: ಮ್ಯಾಕ್ರೋ ಲೆನ್ಸ್ ಮತ್ತು ಸೂಕ್ಷ್ಮದರ್ಶಕದ ಛಾಯಾಗ್ರಹಣ

ಬರಿಗಣ್ಣಿಗೆ ಚುಕ್ಕೆಯಂತೆ ಕಾಣುವ ಹುಳು, ಹೂವಿನ ಪರಾಗ, ಚಿಟ್ಟೆಯ ರೆಕ್ಕೆಯ ಹುಡಿ, ಹುಲ್ಲಿನ ತುದಿಯ ಇಬ್ಬನಿ ಇವುಗಳನ್ನು ವಿವರ ಕೆಡದಂತೆ ದೊಡ್ಡದಾಗಿ ಚಿತ್ರ ತೆಗೆಯುವ ವಿದ್ಯೆಗೆ ಮ್ಯಾಕ್ರೋ ಛಾಯಾಗ್ರಹಣ ಎಂದು ಹೆಸರು. ಮ್ಯಾಕ್ರೋ ಲೆನ್ಸಿಗೂ ನಿಲುಕದಷ್ಟು ಸಣ್ಣದಾದರೆ ಸೂಕ್ಷ್ಮದರ್ಶಕಕ್ಕೆ ಕ್ಯಾಮರಾ ಜೋಡಿಸಬೇಕಾಗುತ್ತದೆ. ಪೇಟೆಯವರಲ್ಲಿ ಇದು ಹೆಚ್ಚಾಗಿ ಹವ್ಯಾಸ. ಆದರೆ ತೆಂಗು, ಮೆಣಸಿನಕಾಯಿ, ದಾಳಿಂಬೆ, ರೇಷ್ಮೆಯನ್ನು ನಂಬಿ ಬದುಕುವ ಗಡಿನಾಡಿನ ಕೃಷಿಕರಿಗೆ ಇದರಿಂದ ಬೇರೆಯೇ ಒಂದು ಪ್ರಯೋಜನವಿದೆ. ಬೆಳೆಗೆ ಬಿದ್ದ ಪೀಡೆ ಯಾವುದೆಂದು ತಿಳಿಯದೆ ಔಷಧಿ ಹೊಡೆದರೆ ಹಣ ಹೋಗುತ್ತದೆ, ಬೆಳೆಯೂ ಉಳಿಯುವುದಿಲ್ಲ. ಒಂದು ಸರಿಯಾದ ಚಿತ್ರವಿದ್ದರೆ ದೂರದಲ್ಲಿರುವ ತಜ್ಞರೂ ಪೀಡೆಯನ್ನು ಗುರುತಿಸಲು ಸಾಧ್ಯ. ಈ ವಿದ್ಯೆಯ ಹಿನ್ನೆಲೆ, ಅದರ ತೊಡಕು, ಬೇಕಾದ ಸಲಕರಣೆ ಹಾಗೂ ಉಪಯೋಗಗಳನ್ನು ಇಲ್ಲಿ ಕೊಡಲಾಗಿದೆ.

ಎಷ್ಟು ದೊಡ್ಡದಾದರೆ ಮ್ಯಾಕ್ರೋ?

ಕ್ಯಾಮರಾದೊಳಗೆ ಚಿತ್ರ ಮೂಡುವ ಜಾಗಕ್ಕೆ ಸೆನ್ಸರ್ ಎನ್ನುತ್ತಾರೆ. ಹಿಂದೆ ಆ ಜಾಗದಲ್ಲಿ ಫಿಲ್ಮ್ ಇರುತ್ತಿತ್ತು. 10 ಮಿಲಿಮೀಟರ್ ಉದ್ದದ ಹುಳು ಸೆನ್ಸರಿನ ಮೇಲೆಯೂ 10 ಮಿಲಿಮೀಟರ್ ಉದ್ದಕ್ಕೆ ಮೂಡಿದರೆ ಅದು 1:1 ಪ್ರಮಾಣ. ನಿಜವಾದ ಮ್ಯಾಕ್ರೋ ಲೆನ್ಸ್ ಈ ಪ್ರಮಾಣವನ್ನು ಮುಟ್ಟಬೇಕು ಎಂಬುದು ಸಾಮಾನ್ಯವಾಗಿ ಒಪ್ಪಿಕೊಂಡ ಲೆಕ್ಕ. ದೊಡ್ಡ ಕ್ಯಾಮರಾಗಳ ಸೆನ್ಸರ್ 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರ ಇರುತ್ತದೆ. ಅಂತಹ ಕ್ಯಾಮರಾದಲ್ಲಿ 1:1ರಲ್ಲಿ ತೆಗೆದರೆ ಒಂದು ಗುಲಗಂಜಿ ಹುಳು ಚಿತ್ರದ ಕಾಲುಭಾಗದಷ್ಟು ಅಗಲವನ್ನು ತುಂಬುತ್ತದೆ. ಅದನ್ನೇ ಗೋಡೆಗೆ ಹಾಕುವಷ್ಟು ದೊಡ್ಡದಾಗಿ ಮುದ್ರಿಸಿದರೆ ಅದರ ಕಾಲಿನ ರೋಮಗಳೂ ಕಾಣುತ್ತವೆ.

ಮನುಷ್ಯನ ಕಣ್ಣು ಒಂದು ಗೇಣು ದೂರದಿಂದ ಸುಮಾರು 0.1 ಮಿ.ಮೀ.ಗಿಂತ ಸಣ್ಣ ವಿವರವನ್ನು ಬೇರ್ಪಡಿಸಿ ನೋಡಲಾರದು. ಬೆಳೆಗೆ ಹಾನಿ ಮಾಡುವ ಎಷ್ಟೋ ಜೀವಿಗಳು ಈ ಮಿತಿಯ ಆಸುಪಾಸಿನಲ್ಲಿ, ಇಲ್ಲವೇ ಅದಕ್ಕಿಂತ ಕೆಳಗೆ ಇವೆ. ರೈತನಿಗೆ ಕಾಣುವುದು ಹಾನಿ ಮಾತ್ರ, ಹಾನಿ ಮಾಡಿದ ಜೀವಿಯಲ್ಲ.

ಹಿನ್ನೆಲೆ

ಕ್ಯಾಮರಾ ಹುಟ್ಟುವ ಮೊದಲೇ ಸೂಕ್ಷ್ಮದರ್ಶಕವಿತ್ತು. ಇಂಗ್ಲೆಂಡಿನ ರಾಬರ್ಟ್ ಹೂಕ್ 1665ರಲ್ಲಿ ಪ್ರಕಟಿಸಿದ 'ಮೈಕ್ರೋಗ್ರಾಫಿಯಾ' ಗ್ರಂಥದಲ್ಲಿ ಚಿಗಟ, ಹೇನು, ನೊಣದ ಕಣ್ಣು ಮುಂತಾದವುಗಳ ದೊಡ್ಡ ಚಿತ್ರಗಳಿದ್ದವು. ಅವೆಲ್ಲ ಕೈಯಿಂದ ಬರೆದವು. ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಬಟ್ಟೆ ವ್ಯಾಪಾರಿ ಆಂಟೋನಿ ವಾನ್ ಲೇವೆನ್‌ಹುಕ್ (1632–1723) ಒಂದೇ ಮಸೂರದ ಪುಟ್ಟ ಸಾಧನಗಳನ್ನು ತಾನೇ ತಯಾರಿಸಿ ಕೆರೆಯ ನೀರಿನೊಳಗಿನ ಜೀವಿಗಳನ್ನು ಕಂಡ. ಈಗ ಉಳಿದಿರುವ ಅವನ ಸಾಧನಗಳಲ್ಲಿ ಒಂದು ಸುಮಾರು 270 ಪಟ್ಟು ದೊಡ್ಡದಾಗಿ ತೋರಿಸುತ್ತದೆ. 1839ರಲ್ಲಿ ಛಾಯಾಗ್ರಹಣ ಲೋಕಕ್ಕೆ ಪ್ರಕಟವಾದಾಗ, ಅದನ್ನು ರೂಪಿಸಿದವರಲ್ಲಿ ಒಬ್ಬನಾದ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ ಸೂಕ್ಷ್ಮದರ್ಶಕದ ಮೂಲಕವೂ ಚಿತ್ರ ತೆಗೆದ. ಅಂದರೆ ಈ ವಿದ್ಯೆಗೂ ಛಾಯಾಗ್ರಹಣಕ್ಕೂ ಹೆಚ್ಚುಕಡಿಮೆ ಒಂದೇ ವಯಸ್ಸು.

ಇದರ ಚರಿತ್ರೆಯಲ್ಲಿ ವಿಶೇಷವಾಗಿ ನೆನೆಯಬೇಕಾದ ಹೆಸರು ಒಬ್ಬ ರೈತನದು. ಅಮೆರಿಕದ ವರ್ಮಾಂಟ್ ರಾಜ್ಯದ ಜೆರಿಕೋ ಎಂಬ ಹಳ್ಳಿಯ ವಿಲ್ಸನ್ ಬೆಂಟ್ಲಿ ಬಾಲ್ಯದಲ್ಲಿ ಹೆಚ್ಚಾಗಿ ಮನೆಯಲ್ಲೇ ತಾಯಿಯಿಂದ ಪಾಠ ಕಲಿತವನು. ತಾಯಿ ಕೊಟ್ಟ ಹಳೆಯ ಸೂಕ್ಷ್ಮದರ್ಶಕದಲ್ಲಿ ಹಿಮದ ಹರಳುಗಳನ್ನು ನೋಡಿ ಬೆರಗಾಗಿ ಅವುಗಳ ಚಿತ್ರ ಬರೆಯಲು ಹೊರಟ. ಬರೆದು ಮುಗಿಯುವ ಮೊದಲೇ ಹರಳು ಕರಗಿಹೋಗುತ್ತಿತ್ತು. ಕೊನೆಗೆ ಕ್ಯಾಮರಾವನ್ನು ಸೂಕ್ಷ್ಮದರ್ಶಕಕ್ಕೆ ಜೋಡಿಸಿ, ಚಳಿಯ ಕೊಟ್ಟಿಗೆಯಲ್ಲಿ ಕೆಲಸ ಮಾಡಿ, 1885ರ ಜನವರಿ 15ರಂದು ಮೊದಲ ಬಾರಿಗೆ ಒಂದು ಹಿಮಹರಳಿನ ಚಿತ್ರ ತೆಗೆದ. ಹೊಲ, ದನಗಳ ಕೆಲಸದ ನಡುವೆ ಜೀವಮಾನವಿಡೀ ಇದನ್ನೇ ಮಾಡಿ 5,000ಕ್ಕೂ ಹೆಚ್ಚು ಹರಳುಗಳನ್ನು ಸೆರೆಹಿಡಿದ. ಅವುಗಳಲ್ಲಿ 2,400ಕ್ಕೂ ಹೆಚ್ಚು ಚಿತ್ರಗಳಿರುವ 'ಸ್ನೋ ಕ್ರಿಸ್ಟಲ್ಸ್' ಪುಸ್ತಕ 1931ರಲ್ಲಿ ಹೊರಬಂತು. ಅದೇ ವರ್ಷ ಡಿಸೆಂಬರಿನಲ್ಲಿ ಬೆಂಟ್ಲಿ ತೀರಿಕೊಂಡ.

ಕ್ಯಾಮರಾಕ್ಕೆ ನೇರವಾಗಿ ಜೋಡಿಸುವ ಮ್ಯಾಕ್ರೋ ಲೆನ್ಸ್ ಬಂದದ್ದು ತಡವಾಗಿ. 1955ರ ಮಾಕ್ರೋ-ಕಿಲಾರ್ ಲೆನ್ಸನ್ನು ಈ ಬಗೆಯ ಮೊದಲನೆಯವುಗಳಲ್ಲಿ ಎಣಿಸುತ್ತಾರೆ. ಕ್ಯಾನನ್ ಕಂಪೆನಿ 1999ರಲ್ಲಿ ತಂದ ಎಂಪಿ-ಇ 65 ಮಿ.ಮೀ. ಲೆನ್ಸ್ 1:1ರಿಂದ ಐದು ಪಟ್ಟಿನವರೆಗೆ ಹಿಗ್ಗಿಸುವಂಥದ್ದು. ನಿಕಾನ್ ಕಂಪೆನಿ ಸೂಕ್ಷ್ಮದರ್ಶಕದ ಚಿತ್ರಗಳಿಗಾಗಿಯೇ 1975ರಲ್ಲಿ 'ಸ್ಮಾಲ್ ವರ್ಲ್ಡ್' ಸ್ಪರ್ಧೆಯನ್ನು ಆರಂಭಿಸಿತು.

ಮುಖ್ಯ ತೊಡಕು: ತೆಳುವಾದ ಪದರ

ಮ್ಯಾಕ್ರೋ ಚಿತ್ರ ತೆಗೆಯುವವರಿಗೆ ಎದುರಾಗುವ ದೊಡ್ಡ ತೊಡಕು ಒಂದೇ. ಚಿತ್ರವನ್ನು ಹಿಗ್ಗಿಸಿದಷ್ಟೂ ಸ್ಪಷ್ಟವಾಗಿ ಕಾಣುವ ಆಳ ಕಡಿಮೆಯಾಗುತ್ತದೆ. ಇದಕ್ಕೆ ಫೋಕಸ್ ಆಳ ಎನ್ನಬಹುದು.

ಲೆನ್ಸಿನೊಳಗಿನ ರಂಧ್ರವನ್ನು ಎಫ್ 8ಕ್ಕೆ ಇಟ್ಟು ದೊಡ್ಡ ಸೆನ್ಸರಿನ ಕ್ಯಾಮರಾದಲ್ಲಿ ತೆಗೆದರೆ ಲೆಕ್ಕ ಸುಮಾರು ಹೀಗಿರುತ್ತದೆ. ವಸ್ತುವಿನ ಹತ್ತನೇ ಒಂದು ಪಾಲಿನ ಗಾತ್ರದಲ್ಲಿ ತೆಗೆದಾಗ 5 ಸೆಂಟಿಮೀಟರಿನಷ್ಟು ಆಳ ಸ್ಪಷ್ಟವಾಗಿರುತ್ತದೆ. 1:1ಕ್ಕೆ ಬಂದಾಗ ಅದು 1 ಮಿಲಿಮೀಟರಿಗೆ ಇಳಿಯುತ್ತದೆ. ಐದು ಪಟ್ಟು ಹಿಗ್ಗಿಸಿದರೆ ಉಳಿಯುವುದು ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲು. ಜೇಡದ ಕಣ್ಣು ಸ್ಪಷ್ಟವಾದರೆ ಅದರ ಬೆನ್ನು ಮಸುಕು, ಬೆನ್ನು ಸ್ಪಷ್ಟವಾದರೆ ಕಣ್ಣು ಮಸುಕು.

ರಂಧ್ರವನ್ನು ಇನ್ನೂ ಕಿರಿದು ಮಾಡಿದರೆ ಆಳ ಹೆಚ್ಚುತ್ತದೆ ನಿಜ. ಆದರೆ ಕಿರಿದಾದ ರಂಧ್ರದ ಅಂಚಿನಲ್ಲಿ ಬೆಳಕು ಚದರಿ ಇಡೀ ಚಿತ್ರವೇ ಮಂಕಾಗುತ್ತದೆ. 1:1ರಲ್ಲಿ ಎಫ್ 16 ಇಟ್ಟರೆ ಅದು ಎಫ್ 32ರಂತೆ ವರ್ತಿಸುತ್ತದೆ. ಬೆಳಕೂ ಕಡಿಮೆಯಾಗುತ್ತದೆ: ದೂರದ ದೃಶ್ಯ ತೆಗೆಯುವಾಗ ಸೆನ್ಸರಿಗೆ ಬೀಳುವ ಬೆಳಕಿನ ಕಾಲುಭಾಗ ಮಾತ್ರ 1:1ರಲ್ಲಿ ಬೀಳುತ್ತದೆ. ಗಾಳಿಗೆ ಎಲೆ ಒಂದು ಎಳ್ಳಿನಷ್ಟು ಅಲುಗಿದರೂ ಹುಳು ಫೋಕಸಿನಿಂದ ಹೊರಗೆ ಹೋಗಿರುತ್ತದೆ.

ಹೀಗಾಗಿ ಮ್ಯಾಕ್ರೋ ಚಿತ್ರ ತೆಗೆಯುವವನು ಎಲ್ಲವನ್ನೂ ತೋರಿಸಲು ಆಗುವುದಿಲ್ಲ. ಯಾವ ಭಾಗ ಸ್ಪಷ್ಟವಾಗಿರಬೇಕು ಎಂಬುದನ್ನು ಮೊದಲೇ ತೀರ್ಮಾನಿಸಬೇಕು. ಚೆಂದಕ್ಕಾಗಿ ತೆಗೆಯುವವರು ಕಣ್ಣಿಗೆ ಫೋಕಸ್ ಮಾಡುತ್ತಾರೆ. ಗುರುತು ಹಿಡಿಯಲು ತೆಗೆಯುವವರು ಗುರುತಿನ ಲಕ್ಷಣ ಎಲ್ಲಿದೆಯೋ ಅಲ್ಲಿಗೆ ಫೋಕಸ್ ಮಾಡಬೇಕು. ಹುಳುವಿನ ಮೈ ಸೆನ್ಸರಿಗೆ ಸಮಾನಾಂತರವಾಗಿರುವಂತೆ ಕ್ಯಾಮರಾವನ್ನು ಹಿಡಿದರೆ ಇದ್ದ ತೆಳು ಪದರದಲ್ಲೇ ಹೆಚ್ಚಿನ ಭಾಗ ಕೂರುತ್ತದೆ.

ಬೇಕಾದ ಸಲಕರಣೆ

ಭೂತಗನ್ನಡಿ: 10 ಪಟ್ಟು ತೋರಿಸುವ, ಜೇಬಿನಲ್ಲಿ ಹಿಡಿಯುವ ಭೂತಗನ್ನಡಿಯನ್ನು ಮೊಬೈಲಿನ ಕ್ಯಾಮರಾದ ಮುಂದೆ ಒತ್ತಿ ಹಿಡಿದರೆ ಮ್ಯಾಕ್ರೋ ಕ್ಯಾಮರಾ ಸಿದ್ಧ. ಕ್ಲಿಪ್ ಇರುವ ಪುಟ್ಟ ಲೆನ್ಸುಗಳೂ ಇದೇ ಕೆಲಸ ಮಾಡುತ್ತವೆ. ಮೊಬೈಲಿನ ಸೆನ್ಸರ್ ಸಣ್ಣದಾದ್ದರಿಂದ ಅದರಲ್ಲಿ ಫೋಕಸ್ ಆಳ ಸ್ವಲ್ಪ ಹೆಚ್ಚು ಸಿಗುತ್ತದೆ. ಕಲಿಯುವವರಿಗೆ ಇದು ಅನುಕೂಲ.

ಎಕ್ಸ್‌ಟೆನ್ಷನ್ ಟ್ಯೂಬ್: ಇದು ಗಾಜಿಲ್ಲದ ಬರಿಯ ಕೊಳವೆ. ಕ್ಯಾಮರಾ ಮತ್ತು ಲೆನ್ಸಿನ ನಡುವೆ ಇದನ್ನು ಸೇರಿಸಿದಾಗ ಲೆನ್ಸ್ ಮುಂದಕ್ಕೆ ಹೋಗಿ ಹತ್ತಿರದ ವಸ್ತುವಿಗೆ ಫೋಕಸ್ ಆಗುತ್ತದೆ. 50 ಮಿ.ಮೀ. ಲೆನ್ಸಿಗೆ 50 ಮಿ.ಮೀ. ಕೊಳವೆ ಸೇರಿಸಿದರೆ 1:1 ಸಿಗುತ್ತದೆ.

ತಿರುಗಿಸಿದ ಲೆನ್ಸ್: ಹಳೆಯ 50 ಮಿ.ಮೀ. ಅಥವಾ 28 ಮಿ.ಮೀ. ಲೆನ್ಸನ್ನು ಹಿಂದುಮುಂದಾಗಿ, ಅಗ್ಗದ ರಿಂಗ್ ಮೂಲಕ ಕ್ಯಾಮರಾಕ್ಕೆ ಜೋಡಿಸುವ ಕ್ರಮವಿದೆ. ಮೂಲೆಗೆ ಬಿದ್ದ ಫಿಲ್ಮ್ ಕ್ಯಾಮರಾದ ಲೆನ್ಸ್ ಹೀಗೆ ಮತ್ತೆ ಉಪಯೋಗಕ್ಕೆ ಬರುತ್ತದೆ. ಲೆನ್ಸಿನ ಹಿಂಭಾಗ ಹೊರಗೆ ತೆರೆದಿರುವುದರಿಂದ ಧೂಳಿನ ಬಗ್ಗೆ ಎಚ್ಚರ ಬೇಕು.

ಮ್ಯಾಕ್ರೋ ಲೆನ್ಸ್: 90ರಿಂದ 105 ಮಿ.ಮೀ. ಲೆನ್ಸುಗಳು ಹೆಚ್ಚು ಬಳಕೆಯಲ್ಲಿವೆ. ಇವು ಹುಳುವಿನಿಂದ ಸ್ವಲ್ಪ ದೂರ ನಿಂತು ತೆಗೆಯಲು ಅವಕಾಶ ಕೊಡುವುದರಿಂದ ಹುಳು ಬೆದರುವುದಿಲ್ಲ, ಕ್ಯಾಮರಾದ ನೆರಳೂ ಬೀಳುವುದಿಲ್ಲ.

ಬೆಳಕು: ನೇರ ಫ್ಲಾಶ್ ಹೊಡೆದರೆ ಹುಳುವಿನ ಹೊಳೆಯುವ ಬೆನ್ನಿನ ಮೇಲೆ ಬಿಳಿ ಕಲೆ ಮೂಡಿ ವಿವರ ಅಳಿಸಿಹೋಗುತ್ತದೆ. ಫ್ಲಾಶಿನ ಮುಂದೆ ಬಟರ್ ಪೇಪರ್ ಅಥವಾ ತೆಳು ಥರ್ಮೋಕೋಲ್ ಹಾಳೆ ಕಟ್ಟಿದರೆ ಬೆಳಕು ಮೆದುವಾಗಿ ಹರಡುತ್ತದೆ. ಫ್ಲಾಶ್ ಬೆಳಗುವ ಅವಧಿ ಸೆಕೆಂಡಿನ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ ಇರಬಹುದಾದ್ದರಿಂದ ಸಣ್ಣಪುಟ್ಟ ಅಲುಗಾಟ ಚಿತ್ರದಲ್ಲಿ ಕಾಣುವುದಿಲ್ಲ. ಫ್ಲಾಶ್ ಇಲ್ಲದಿದ್ದರೆ ತೆಳು ಮೋಡದ ದಿನದ ಬೆಳಕು ಉತ್ತಮ.

ಚಿತ್ರ ತೆಗೆಯಲು ಬೆಳಗಿನ ಜಾವದ ನಂತರದ ಒಂದೆರಡು ಗಂಟೆ ಒಳ್ಳೆಯ ಸಮಯ. ತಂಪಿಗೆ ಹುಳುಗಳು ಜಡವಾಗಿರುತ್ತವೆ, ಗಾಳಿಯೂ ಕಡಿಮೆ ಇರುತ್ತದೆ.

ಹಲವು ಚಿತ್ರ ಸೇರಿ ಒಂದು

ತೆಳು ಪದರದ ತೊಡಕಿಗೆ ಗಣಕಯಂತ್ರ ಒಂದು ಪರಿಹಾರ ಕೊಟ್ಟಿದೆ. ಫೋಕಸನ್ನು ಸ್ವಲ್ಪ ಸ್ವಲ್ಪವೇ ಮುಂದಕ್ಕೆ ಸರಿಸುತ್ತಾ ಹತ್ತಾರು ಚಿತ್ರ ತೆಗೆದು, ಪ್ರತಿಯೊಂದರಲ್ಲಿ ಸ್ಪಷ್ಟವಾದ ಭಾಗವನ್ನಷ್ಟೇ ಆರಿಸಿ ಒಂದು ಚಿತ್ರವಾಗಿ ಸೇರಿಸುವ ಕ್ರಮಕ್ಕೆ ಫೋಕಸ್ ಸ್ಟ್ಯಾಕಿಂಗ್ ಎನ್ನುತ್ತಾರೆ. ಹೆಲಿಕಾನ್ ಫೋಕಸ್, ಝೆರೀನ್ ಸ್ಟ್ಯಾಕರ್ ಮುಂತಾದ ತಂತ್ರಾಂಶಗಳು ಈ ಕೆಲಸ ಮಾಡುತ್ತವೆ. ಬ್ರಿಟಿಷ್ ಛಾಯಾಗ್ರಾಹಕ ಲೆವನ್ ಬಿಸ್ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯದ ಕೀಟಗಳನ್ನು ಹೀಗೆ ತೆಗೆದು 2016ರಲ್ಲಿ ಪ್ರದರ್ಶಿಸಿದ. ಒಂದೊಂದು ಕೀಟದ ಚಿತ್ರಕ್ಕೂ ಅವನು 8,000ಕ್ಕೂ ಹೆಚ್ಚು ಬಾರಿ ಕ್ಯಾಮರಾ ಒತ್ತಿದ್ದ. ಇದಕ್ಕೆ ಕೀಟ ಅಲುಗಬಾರದು. ಬದುಕಿರುವ ಹುಳುವಿನ ಮೇಲೆ ನಾಲ್ಕೈದು ಚಿತ್ರಗಳ ಜೋಡಣೆಯೇ ಕಷ್ಟ.

ಸೂಕ್ಷ್ಮದರ್ಶಕದ ಮೂಲಕ

ಶಾಲೆ, ಕಾಲೇಜುಗಳಲ್ಲಿರುವ ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ವಸ್ತುವಿನ ಕಡೆಗೆ 4, 10, 40 ಮತ್ತು 100 ಪಟ್ಟಿನ ಮಸೂರಗಳಿದ್ದು, ಕಣ್ಣಿನ ಕಡೆಗೆ 10 ಪಟ್ಟಿನ ಮಸೂರವಿರುತ್ತದೆ. ಎರಡನ್ನೂ ಗುಣಿಸಿದರೆ ಒಟ್ಟು 40ರಿಂದ 1,000 ಪಟ್ಟು. ಮೊಬೈಲನ್ನು ಕಣ್ಣಿನ ಮಸೂರದ ಮೇಲೆ ಸರಿಯಾಗಿ ಹಿಡಿದರೂ ಚಿತ್ರ ಬರುತ್ತದೆ. ಕೈ ನಡುಗದಂತೆ ಒಂದು ಹಿಡಿಕೆ ಮಾಡಿಕೊಂಡರೆ ಸಾಕು. ಇಲ್ಲಿ ಬೆಳಕು ಕೆಳಗಿನಿಂದ ಬಂದು ವಸ್ತುವನ್ನು ಹಾಯ್ದು ಹೋಗಬೇಕು. ಆದ್ದರಿಂದ ನೋಡುವ ವಸ್ತು ತೆಳುವಾಗಿರಬೇಕು. ಇಡೀ ಹುಳುವನ್ನು ನೋಡಲು ಮೇಲಿನಿಂದ ಬೆಳಕು ಬೀಳುವ ಸ್ಟೀರಿಯೋ ಸೂಕ್ಷ್ಮದರ್ಶಕವೇ ಸರಿ.

ಬೆಳಕಿನ ಸೂಕ್ಷ್ಮದರ್ಶಕಕ್ಕೂ ಒಂದು ಗಡಿ ಇದೆ. ಜರ್ಮನಿಯ ಯೇನಾ ಪಟ್ಟಣದ ಅರ್ನ್‌ಸ್ಟ್ ಅಬ್ಬೆ 1873ರಲ್ಲಿ ತೋರಿಸಿಕೊಟ್ಟಂತೆ, ಸುಮಾರು 0.2 ಮೈಕ್ರೋಮೀಟರಿಗಿಂತ ಹತ್ತಿರವಿರುವ ಎರಡು ಚುಕ್ಕೆಗಳನ್ನು ಸಾಧಾರಣ ಬೆಳಕಿನಿಂದ ಬೇರ್ಪಡಿಸಲಾಗದು. ಒಂದು ಮೈಕ್ರೋಮೀಟರ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಅದಕ್ಕಿಂತ ಸಣ್ಣದಕ್ಕೆ 1931ರಲ್ಲಿ ರೂಪುಗೊಂಡ ಇಲೆಕ್ಟ್ರಾನ್ ಸೂಕ್ಷ್ಮದರ್ಶಕ ಬೇಕು. ಅದು ಕೊಡುವ ಚಿತ್ರಕ್ಕೆ ಬಣ್ಣವಿಲ್ಲ. ಪತ್ರಿಕೆಗಳಲ್ಲಿ ಕಾಣುವ ಬಣ್ಣದ ವೈರಾಣು ಚಿತ್ರಗಳಿಗೆ ಬಣ್ಣವನ್ನು ಆಮೇಲೆ ಹಚ್ಚಿರುತ್ತಾರೆ.

ಹಳ್ಳಿಯ ಶಾಲೆಗಳಿಗೆ ಸಮೀಪವಾದದ್ದು ಫೋಲ್ಡ್‌ಸ್ಕೋಪ್. ಭಾರತದಲ್ಲಿ ಹುಟ್ಟಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿರುವ ಮನು ಪ್ರಕಾಶ್ ಮತ್ತು ಸಂಗಡಿಗರು 2014ರಲ್ಲಿ ಇದರ ವಿವರ ಪ್ರಕಟಿಸಿದರು. ಕಾಗದವನ್ನು ಮಡಚಿ, ಮಣಿಯಂತಹ ಪುಟ್ಟ ಮಸೂರ ಕೂರಿಸಿ ತಯಾರಿಸುವ ಇದು 140 ಪಟ್ಟು ದೊಡ್ಡದಾಗಿ ತೋರಿಸುತ್ತದೆ. ಮೊಬೈಲಿಗೆ ಅಂಟಿಸಿ ಚಿತ್ರವನ್ನೂ ತೆಗೆಯಬಹುದು.

ಒಂದೇ ಹೆಸರು, ಬೇರೆ ಬೇರೆ ಪೀಡೆ

ಕೃಷಿಯಲ್ಲಿ ಈ ವಿದ್ಯೆಯ ಬೆಲೆ ಗೊತ್ತಾಗುವುದು ಹೆಸರುಗಳ ಗೊಂದಲದಲ್ಲಿ. ಕನ್ನಡದಲ್ಲಿ ನುಸಿ ಎಂಬ ಒಂದೇ ಮಾತು ಎರಡು ಬೇರೆ ಜೀವಿಗಳಿಗೆ ಬಳಕೆಯಾಗುತ್ತದೆ. ಒಂದು ಥ್ರಿಪ್ಸ್. ಸುಮಾರು 1 ಮಿ.ಮೀ. ಉದ್ದದ, ಆರು ಕಾಲಿನ ಕೀಟ. ಇನ್ನೊಂದು ಮೈಟ್. ಇದು ಕೀಟವೇ ಅಲ್ಲ. ಎಂಟು ಕಾಲಿನ, ಜೇಡದ ಬಳಗದ ಜೀವಿ. ತೆಲುಗಿನಲ್ಲಿ ಥ್ರಿಪ್ಸಿಗೆ ತಾಮರ ಪುರುಗು ಎಂದೂ ಮೈಟಿಗೆ ನಲ್ಲಿ ಎಂದೂ ಬೇರೆ ಹೆಸರುಗಳಿವೆ. ಮರಾಠಿಯಲ್ಲಿ ಥ್ರಿಪ್ಸ್ ಫುಲಕಿಡೆಯಾದರೆ ಮೈಟಿಗೆ ಕೋಳಿ, ಅಂದರೆ ಜೇಡ ಎಂದೇ ಹೆಸರು.

ಮೆಣಸಿನಕಾಯಿ ಗಿಡದ ಎಲೆ ಮುರುಟಲು ಇವೆರಡೂ ಕಾರಣ. ಥ್ರಿಪ್ಸ್ ಬಿದ್ದರೆ ಎಲೆಯ ಅಂಚು ಸಾಮಾನ್ಯವಾಗಿ ಮೇಲಕ್ಕೆ ದೋಣಿಯಂತೆ ಮಡಚಿಕೊಳ್ಳುತ್ತದೆ. ಮೈಟ್ ಬಿದ್ದರೆ ಕೆಳಕ್ಕೆ ಮಡಚಿಕೊಳ್ಳುತ್ತದೆ. ಥ್ರಿಪ್ಸಿಗೆ ಹೊಡೆಯುವ ಕೀಟನಾಶಕಗಳಲ್ಲಿ ಹಲವು ಮೈಟನ್ನು ಕೊಲ್ಲುವುದಿಲ್ಲ. ಮೈಟನ್ನು ತಿನ್ನುವ ಒಳ್ಳೆಯ ಕೀಟಗಳನ್ನು ಕೊಂದು ಪೀಡೆಯನ್ನು ಹೆಚ್ಚಿಸುವುದೂ ಉಂಟು. ಅಂಗಡಿಗೆ ಹೋಗಿ ನುಸಿಗೆ ಔಷಧಿ ಕೊಡಿ ಎಂದು ಕೇಳಿದರೆ ಯಾವ ನುಸಿಗೆ ಎಂಬ ಪ್ರಶ್ನೆ ಉಳಿದೇ ಇರುತ್ತದೆ. ಎಲೆಯ ಅಡಿಭಾಗದ ಒಂದು ಮ್ಯಾಕ್ರೋ ಚಿತ್ರದಲ್ಲಿ ಕಾಲು ಎಣಿಸಿದರೆ ಉತ್ತರ ಸಿಗುತ್ತದೆ. 2021ರಲ್ಲಿ ಆಂಧ್ರ, ತೆಲಂಗಾಣದ ಮೆಣಸಿನಕಾಯಿ ಹೊಲಗಳಿಗೆ ನುಗ್ಗಿದ ಥ್ರಿಪ್ಸ್ ಪಾರ್ವಿಸ್ಪೈನಸ್ ಎಂಬ ಹೊರಗಿನ ಜಾತಿ ಹೂವಿನೊಳಗೆ ಗುಂಪಾಗಿ ಸೇರುವಂಥದ್ದು. ಆದ್ದರಿಂದ ಹೂವನ್ನು ಬಿಡಿಸಿ ತೆಗೆದ ಚಿತ್ರವೂ ಬೇಕು.

ಕಾಸರಗೋಡಿನ ಕಡೆ ತೆಂಗಿನ ನುಸಿಯನ್ನು ಮಲಯಾಳಂನಲ್ಲಿ ಮಂಡರಿ ಎನ್ನುತ್ತಾರೆ. ಅಸೇರಿಯಾ ಗೆರೆರೋನಿಸ್ ಎಂಬ ಈ ಮೈಟ್ ಭಾರತದಲ್ಲಿ ಮೊದಲು ವರದಿಯಾದದ್ದು 1998ರಲ್ಲಿ, ಕೇರಳದ ಎರ್ನಾಕುಳಂ ಜಿಲ್ಲೆಯಿಂದ. ಅಲ್ಲಿಂದ ತಮಿಳುನಾಡು, ಕರ್ನಾಟಕಗಳಿಗೂ ಬೇಗನೆ ಹಬ್ಬಿತು. ಇದರ ಉದ್ದ 0.2ರಿಂದ 0.25 ಮಿ.ಮೀ. ಮೈಟ್‌ಗಳಲ್ಲೇ ಇದೊಂದು ವಿಚಿತ್ರ ಬಳಗ. ಹುಳುವಿನಂತೆ ಉದ್ದನೆಯ ಮೈ, ಎಂಟರ ಬದಲು ನಾಲ್ಕೇ ಕಾಲು. ಎಳೆ ಕಾಯಿಯ ತೊಟ್ಟಿಗೆ ಟೊಪ್ಪಿಯಂತೆ ಅಂಟಿಕೊಂಡ ಎಸಳುಗಳ ಅಡಿಯಲ್ಲಿ ಅಡಗಿ ರಸ ಹೀರುತ್ತದೆ. ಹೊರಗೆ ಕಾಣುವುದು ಟೊಪ್ಪಿಯ ಅಂಚಿನ ಕೆಳಗೆ ಮೂಡುವ ಬಿಳಿಚಿದ ತ್ರಿಕೋನದ ಗುರುತು. ಅದು ಆಮೇಲೆ ಕಂದಾಗಿ ಬಿರಿಯುತ್ತದೆ. 10 ಪಟ್ಟಿನ ಭೂತಗನ್ನಡಿಯಲ್ಲಿ ಬಿಳಿ ಹುಡಿಯಂತೆ ಮಾತ್ರ ಕಾಣುವ ಜೀವಿಯನ್ನು ಸ್ಪಷ್ಟವಾಗಿ ನೋಡಲು 40 ಪಟ್ಟಿನ ಸೂಕ್ಷ್ಮದರ್ಶಕ ಬೇಕು. ಕಾಸರಗೋಡಿನಲ್ಲಿ 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಆರಂಭವಾಗಿ 1970ರಲ್ಲಿ ಈಗಿನ ರೂಪ ಪಡೆದ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯಲ್ಲಿ (ಸಿಪಿಸಿಆರ್‌ಐ) ಈ ಪೀಡೆಯ ಬಗ್ಗೆ ವಿಸ್ತಾರವಾದ ಅಧ್ಯಯನ ನಡೆದಿದೆ.

ಹಿಟ್ಟು ತಿಗಣೆಯದು ಇನ್ನೊಂದು ಕಥೆ. ತಮಿಳಿನಲ್ಲಿ ಮಾವುಪ್ಪೂಚ್ಚಿ, ತೆಲುಗಿನಲ್ಲಿ ಪಿಂಡಿ ನಲ್ಲಿ, ಮರಾಠಿಯಲ್ಲಿ ಪಿಠ್ಯಾ ಢೇಕೂಣ್. ಎಲ್ಲ ಭಾಷೆಗಳಲ್ಲೂ ಹೆಸರಿನ ಮೊದಲ ಮಾತು ಹಿಟ್ಟೇ. ಆದರೆ ಗಿಡದ ಮೇಲೆ ಬಿಳಿ ಹಿಟ್ಟು ಮೆತ್ತಿಕೊಂಡದ್ದೆಲ್ಲ ಶತ್ರುವಲ್ಲ. ಹಿಟ್ಟು ತಿಗಣೆಯನ್ನು ತಿನ್ನುವ ಕ್ರಿಪ್ಟೋಲೀಮಸ್ ಎಂಬ ಗುಲಗಂಜಿ ಹುಳುವಿನ ಮರಿಯೂ ಮೈತುಂಬ ಬಿಳಿ ಮೇಣದ ಎಳೆ ಹೊದ್ದು ತಿಗಣೆಯಂತೆಯೇ ಕಾಣುತ್ತದೆ. ಆಸ್ಟ್ರೇಲಿಯಾ ಮೂಲದ ಈ ಹುಳುವನ್ನು 1898ರಲ್ಲಿ ಭಾರತಕ್ಕೆ ತರಲಾಯಿತು. ದ್ರಾಕ್ಷಿ, ಕಾಫಿ ತೋಟಗಳಲ್ಲಿ ಬೇಕೆಂದೇ ಬಿಡುವ ಈ ಮಿತ್ರನನ್ನು ಪೀಡೆಯೆಂದು ತಿಳಿದು ಕೊಂದರೆ ನಷ್ಟ ತೋಟದವನಿಗೇ. ಬದಿಯಿಂದ ತೆಗೆದ ಹತ್ತಿರದ ಚಿತ್ರದಲ್ಲಿ ವ್ಯತ್ಯಾಸ ತಿಳಿಯುತ್ತದೆ. ಮರಿಯ ಮೇಣದ ಎಳೆಗಳು ಉದ್ದ, ಕಾಲುಗಳು ಎದ್ದು ಕಾಣುತ್ತವೆ, ಓಡಾಟವೂ ಚುರುಕು.

2008ರಲ್ಲಿ ಕೊಯಮತ್ತೂರಿನಲ್ಲಿ ಕಂಡುಬಂದ ಪಪ್ಪಾಯಿ ಹಿಟ್ಟು ತಿಗಣೆ ಹಿಪ್ಪುನೇರಳೆ, ಮರಗೆಣಸುಗಳಿಗೂ ಹಬ್ಬಿತು. ಅದರ ನಿಜವಾದ ಜಾತಿ ಗೊತ್ತಾದ ಮೇಲೆಯೇ ಅದಕ್ಕೆ ತಕ್ಕ ಶತ್ರುವನ್ನು ಹುಡುಕಲು ಸಾಧ್ಯವಾಯಿತು. 2010ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಸ್ಥೆಯ ಮೂಲಕ ತರಿಸಿದ, ಎಳ್ಳಿಗಿಂತಲೂ ಸಣ್ಣ ಪರೋಪಜೀವಿ ಕಣಜಗಳು ಅದನ್ನು ಹತೋಟಿಗೆ ತಂದವು.

ಮೆಕ್ಕೆಜೋಳದ ಸೈನಿಕ ಹುಳುವಿನ ಹೊರಗಿನ ಜಾತಿ, ಅಂದರೆ ಫಾಲ್ ಆರ್ಮಿವರ್ಮ್, ಭಾರತದಲ್ಲಿ ಮೊದಲು ಕಂಡದ್ದು 2018ರಲ್ಲಿ ಶಿವಮೊಗ್ಗ ಭಾಗದಲ್ಲಿ. ಇದನ್ನು ಗುರುತಿಸಲು ಮೊಬೈಲ್ ಮ್ಯಾಕ್ರೋ ಚಿತ್ರವೇ ಸಾಕು. ತಲೆಯ ಮೇಲೆ ಕವಣೆಯ ಕವಲನ್ನು ತಲೆಕೆಳಗಾಗಿ ಇಟ್ಟಂತಹ ಬಿಳಿ ಗೆರೆ, ಬಾಲದ ಹತ್ತಿರ ಚೌಕವಾಗಿ ನಾಲ್ಕು ಕಪ್ಪು ಚುಕ್ಕೆ ಇರುತ್ತವೆ. ಈ ಎರಡು ಜಾಗ ಸ್ಪಷ್ಟವಾಗಿದ್ದರೆ ಉಳಿದ ಮೈ ಮಸುಕಾದರೂ ಚಿಂತೆಯಿಲ್ಲ.

ದಾಳಿಂಬೆಯ ದುಂಡಾಣು ಅಂಗಮಾರಿಗೆ ಮರಾಠಿಯಲ್ಲಿ ತೇಲ್ಯಾ ಎನ್ನುತ್ತಾರೆ. ಎಣ್ಣೆ ಬಿದ್ದಂತೆ ಕಾಣುವ ಕಲೆಯೇ ಆ ಹೆಸರಿಗೆ ಕಾರಣ. ಎಲೆಯನ್ನು ಬಿಸಿಲಿಗೆ ಎದುರಾಗಿ ಹಿಡಿದು ತೆಗೆದರೆ ಕಲೆ ಎಣ್ಣೆಕಾಗದದಂತೆ ಬೆಳಕು ಬಿಡುವುದು ಕಾಣುತ್ತದೆ. ಕಲೆಯ ಅಂಚಿನ ಒಂದು ಚೂರನ್ನು ನೀರಿನ ಹನಿಯಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ದುಂಡಾಣುಗಳು ಹೊಗೆಯಂತೆ ಹೊರಹರಿಯುವುದನ್ನು ಕಾಣಬಹುದು. ಶಿಲೀಂಧ್ರದ ಕಲೆಯಲ್ಲಿ ಹೀಗಾಗುವುದಿಲ್ಲ. ದಾಳಿಂಬೆಗಾಗಿಯೇ ಇರುವ ರಾಷ್ಟ್ರೀಯ ಸಂಶೋಧನಾ ಕೇಂದ್ರ 2005ರಿಂದ ಸೊಲ್ಲಾಪುರದಲ್ಲಿದೆ.

ರೇಷ್ಮೆಯಲ್ಲಂತೂ ಸೂಕ್ಷ್ಮದರ್ಶಕವಿಲ್ಲದೆ ಕೆಲಸವೇ ನಡೆಯದು. ಗಂಟು ರೋಗ, ಅಂದರೆ ಪೆಬ್ರಿನ್, ತಾಯಿ ಚಿಟ್ಟೆಯಿಂದ ಮೊಟ್ಟೆಗೆ ದಾಟುತ್ತದೆ ಎಂಬುದನ್ನು ಅರಿತು, ಚಿಟ್ಟೆಯನ್ನು ಅರೆದು ಪರೀಕ್ಷಿಸುವ ಕ್ರಮವನ್ನು ಬಳಕೆಗೆ ತಂದವನು ಫ್ರಾನ್ಸಿನ ಲೂಯಿ ಪಾಶ್ಚರ್, 1860ರ ದಶಕದಲ್ಲಿ. ರೋಗಾಣುವಿನ ಬೀಜಕಣ ಕೇವಲ 3ರಿಂದ 4 ಮೈಕ್ರೋಮೀಟರ್ ಉದ್ದದ್ದು. ಹೊಸೂರು, ಮಡಕಶಿರಾ ಕಡೆಯ ಸಾಕಣೆದಾರರು ಕೊಳ್ಳುವ ರೋಗರಹಿತ ಮೊಟ್ಟೆಯ ಹಿಂದೆ ಇಂದಿಗೂ ಇದೇ ಪರೀಕ್ಷೆ ಇದೆ.

ಗುರುತಿಸಲು ತೆಗೆಯುವ ಚಿತ್ರ ಹೇಗಿರಬೇಕು?

ತಜ್ಞರಿಗೆ ಕಳುಹಿಸುವ ಚಿತ್ರ ಚೆಂದವಾಗಿರಬೇಕೆಂದಿಲ್ಲ. ಒಂದೇ ಚಿತ್ರವೂ ಸಾಲದು.

1. ಇಡೀ ಗಿಡ ಮತ್ತು ಅಕ್ಕಪಕ್ಕದ ಗಿಡಗಳು ಕಾಣುವಂತೆ ಒಂದು ಚಿತ್ರ.
2. ಹಾನಿಯಾದ ಎಲೆ, ಕಾಯಿ ಅಥವಾ ಕಾಂಡದ ಹತ್ತಿರದ ಚಿತ್ರ. ಎಲೆಯ ಮೇಲ್ಭಾಗ, ಅಡಿಭಾಗ ಎರಡೂ ಬೇಕು.
3. ಹುಳುವಿನ ಮೇಲಿನಿಂದ, ಬದಿಯಿಂದ, ಸಾಧ್ಯವಾದರೆ ಮುಂದಿನಿಂದ ತೆಗೆದ ಮ್ಯಾಕ್ರೋ ಚಿತ್ರಗಳು.
4. ಕನಿಷ್ಠ ಒಂದು ಚಿತ್ರದಲ್ಲಿ ಪಕ್ಕದಲ್ಲಿ ಮಿಲಿಮೀಟರ್ ಸ್ಕೇಲು. ನಾಣ್ಯ ಇಡುವ ರೂಢಿ ಇದೆ, ಆದರೆ ಒಂದು ರೂಪಾಯಿ ನಾಣ್ಯದ ಅಳತೆ ಕಾಲಕಾಲಕ್ಕೆ ಬದಲಾಗಿರುವುದರಿಂದ ಸ್ಕೇಲೇ ಮೇಲು.
5. ದಿನಾಂಕ, ಊರು, ಬೆಳೆ, ತಳಿ ಹಾಗೂ ಈಗಾಗಲೇ ಹೊಡೆದ ಔಷಧಿಯ ಹೆಸರು.

ವಾಟ್ಸ್‌ಆಪಿನಲ್ಲಿ ಸಾಮಾನ್ಯವಾಗಿ ಕಳುಹಿಸಿದ ಚಿತ್ರ ಕುಗ್ಗಿಹೋಗಿ ವಿವರ ಕಳೆದುಕೊಳ್ಳುತ್ತದೆ. ಅದನ್ನೇ ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ಮೂಲದಂತೆಯೇ ತಲಪುತ್ತದೆ. ಹತ್ತಿರದ ಕೃಷಿ ವಿಜ್ಞಾನ ಕೇಂದ್ರ, ಕೃಷಿ ಭವನ ಅಥವಾ ತೋಟಗಾರಿಕೆ ಕಚೇರಿಗೆ ಇವನ್ನು ತೋರಿಸಬಹುದು. ಕೇಂದ್ರ ಸರಕಾರ 2024ರ ಆಗಸ್ಟಿನಲ್ಲಿ ಆರಂಭಿಸಿದ ರಾಷ್ಟ್ರೀಯ ಪೀಡೆ ನಿಗಾ ವ್ಯವಸ್ಥೆಯೂ ರೈತರು ತೆಗೆದ ಚಿತ್ರಗಳಿಂದ ಪೀಡೆ ಗುರುತಿಸುವ ಉದ್ದೇಶದ್ದು.

ಚಿತ್ರದಿಂದ ಎಲ್ಲವೂ ತಿಳಿಯುವುದಿಲ್ಲ ಎಂಬುದೂ ನೆನಪಿರಲಿ. ಹಿಟ್ಟು ತಿಗಣೆ, ಥ್ರಿಪ್ಸ್‌ಗಳ ಜಾತಿಯನ್ನು ಖಚಿತವಾಗಿ ಹೇಳಲು ಗಾಜಿನ ಪಟ್ಟಿಯ ಮೇಲೆ ಮಾದರಿ ಸಿದ್ಧಪಡಿಸಿ ನೋಡಬೇಕಾಗುತ್ತದೆ. ಆಗ ಹುಳುವಿನ ಮಾದರಿಯನ್ನೇ ಒಯ್ದು ಕೊಡಬೇಕು. ಅಂತಹ ಮಾದರಿ ಬೇಕೇ ಬೇಡವೇ ಎಂದು ತಜ್ಞರು ನಿರ್ಧರಿಸಲು ಮೊದಲ ಚಿತ್ರ ನೆರವಾಗುತ್ತದೆ.

ಗಡಿನಾಡಿನಲ್ಲಿ ಕಾಣಸಿಗುವ ವಿಶೇಷಗಳು

ಬೆಳೆಯ ಚಿಂತೆಯಿಲ್ಲದ ಹೊತ್ತಿನಲ್ಲಿ ಕ್ಯಾಮರಾ ಹಿಡಿದು ಹೊರಟವರಿಗೂ ಈ ಪ್ರದೇಶಗಳಲ್ಲಿ ನೋಡಲು ಬೇಕಾದಷ್ಟಿದೆ.

ಕಾಸರಗೋಡಿನ ಮುರಕಲ್ಲಿನ ಪದವುಗಳಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ನೀಲಿ ಹೂವಿನ ಹಾಸು ಮೂಡುತ್ತದೆ. ಓಣಂ ಪೂಕಳಕ್ಕೆ ಬಳಸುವ ಈ ಕಾಕ್ಕಪ್ಪೂವು ಹುಳು ಹಿಡಿಯುವ ಗಿಡ. ನೀರಿನಡಿಯ ಅದರ ಸಣ್ಣ ಚೀಲಗಳು ಜೀವಿಗಳನ್ನು ಒಳಗೆಳೆದುಕೊಳ್ಳಲು ಸೆಕೆಂಡಿನ ಸಾವಿರದ ಒಂದು ಪಾಲು ಸಾಕು. ಅದೇ ಪದವುಗಳಲ್ಲಿ ಡ್ರಾಸೆರಾ ಗಿಡವೂ ಇದೆ. ಅದರ ಪ್ರತಿ ರೋಮದ ತುದಿಯಲ್ಲಿ ಅಂಟಿನ ಹನಿ ಹೊಳೆಯುತ್ತದೆ.

ಮರದ ಎಲೆ ಹೆಣೆದು ಗೂಡು ಕಟ್ಟುವ ಚಗಳಿ ಇರುವೆಗಳ ಸಾಲಿನ ಹತ್ತಿರ ಅದೇ ಬಣ್ಣ, ಅದೇ ಆಕಾರದ ಒಂದು ಜಿಗಿಯುವ ಜೇಡ ಓಡಾಡುತ್ತದೆ. ಬರಿಗಣ್ಣಿಗೆ ಇರುವೆಯೇ. ಚಿತ್ರ ತೆಗೆದು ನೋಡಿದರೆ ಕಾಲು ಎಂಟು.

ನೀಲಗಿರಿಯ ಉದಕಮಂಡಲದ ತಗ್ಗು ಬಯಲುಗಳಲ್ಲಿ ಡಿಸೆಂಬರ್, ಜನವರಿಯ ಬೆಳಗುಗಳಲ್ಲಿ ಹುಲ್ಲಿನ ಮೇಲೆ ಹಿಮ ಹರಳುಗಟ್ಟುತ್ತದೆ. ತಮಿಳಿನಲ್ಲಿ ಇದನ್ನು ಉರೈಪನಿ ಎನ್ನುತ್ತಾರೆ. ಬಿಸಿಲು ತಾಗುವ ಮೊದಲೇ ಚಿತ್ರ ತೆಗೆದು ಮುಗಿಸಬೇಕು.

ಅನಂತಪುರ, ತೆಲಂಗಾಣದ ಕಡೆ ಮೊದಲ ಮಳೆಗೆ ನೆಲದಿಂದ ಹೊರಬರುವ ಕೆಂಪು ಮಕಮಲ್ಲಿನಂತಹ ಜೀವಿಗೆ ತೆಲುಗಿನಲ್ಲಿ ಆರುದ್ರ ಪುರುಗು ಎಂದು ಹೆಸರು. ಇದೂ ಮೈಟ್ ಬಳಗದ್ದೇ. ಬೆಳೆಗೆ ಇದರಿಂದ ತೊಂದರೆಯಿಲ್ಲ. ಗೋವಾದ ಕಡಲತಡಿಯ ಒಂದು ಚಿಟಿಕೆ ಮರಳಿನಲ್ಲೂ ಫೊರಾಮಿನಿಫೆರಾ ಎಂಬ ಏಕಕೋಶ ಜೀವಿಗಳ ಸುರುಳಿ ಚಿಪ್ಪುಗಳು ಸಿಗಬಹುದು.

ಪಾಲಿಸಬೇಕಾದ ಎಚ್ಚರ

ಚಿತ್ರಕ್ಕಾಗಿ ಹುಳುವನ್ನು ಫ್ರಿಜ್ಜಿನಲ್ಲಿಟ್ಟು ಜಡಗೊಳಿಸುವುದು, ಅಂಟಿನಿಂದ ಕೂರಿಸುವುದು, ಗೂಡು ಒಡೆಯುವುದು ಸರಿಯಲ್ಲ. ಅಡ್ಡ ಬಂದ ಹುಲ್ಲನ್ನು ಕೀಳುವ ಬದಲು ಸರಿಸಿ ಹಿಡಿಯಬಹುದು. ಪದವಿನ ಹೂಗಳ ನಡುವೆ ಮಲಗಿ ಚಿತ್ರ ತೆಗೆಯುವಾಗ ಮೈಕೆಳಗೆ ಗಿಡಗಳು ನಲುಗುತ್ತವೆ ಎಂಬುದು ಗಮನದಲ್ಲಿರಲಿ. ಅಭಯಾರಣ್ಯಗಳಿಂದ ಅನುಮತಿ ಇಲ್ಲದೆ ಕೀಟ, ಗಿಡಗಳನ್ನು ಒಯ್ಯುವುದು ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆ ಹಲವು ಚಿಟ್ಟೆಗಳಿಗೂ ಇದೆ. ಔಷಧಿ ಹೊಡೆದ ತೋಟದಲ್ಲಿ ಚಿತ್ರ ತೆಗೆಯುವವರು ಎಲೆಗೆ ಮುಖ ತಾಗುವಷ್ಟು ಹತ್ತಿರ ಹೋಗಬೇಕಾಗುವುದರಿಂದ ಕೆಲವು ದಿನ ಬಿಟ್ಟು ಹೋಗುವುದು ಕ್ಷೇಮ.

ಕಲಿಯಬಯಸುವವರು ದುಬಾರಿ ಲೆನ್ಸಿಗಾಗಿ ಕಾಯಬೇಕಿಲ್ಲ. ಒಂದು ಭೂತಗನ್ನಡಿ, ಕೈಯಲ್ಲಿರುವ ಮೊಬೈಲು, ಒಂದು ಮಿಲಿಮೀಟರ್ ಸ್ಕೇಲು ಇದ್ದರೆ ಆರಂಭಿಸಬಹುದು. ಮೆಣಸಿನಕಾಯಿ ಗಿಡದ ಎಲೆ ಮುರುಟಿದ ದಿನ ಔಷಧಿ ಅಂಗಡಿಗೆ ಹೊರಡುವ ಮುನ್ನ ಎಲೆಯ ಅಡಿಭಾಗದ ಒಂದು ಚಿತ್ರ ತೆಗೆದು, ಹಿಗ್ಗಿಸಿ, ಕಾಲು ಆರೋ ಎಂಟೋ ಎಂದು ಎಣಿಸಿ ನೋಡುವುದು ಮೊದಲ ಪಾಠವಾಗಬಹುದು.